ವೆರ್ನಾಕ್ಕೆ ಹೊರಟವರು ಮೋಪಾದಲ್ಲಿ ಇಳಿದರು

"ಮೇಡಂ, ವಿಮಾನವೇನೋ ಹೊತ್ತಿಗೆ ಸರಿಯಾಗಿ ಇಳಿಯಿತು. ಆದರೆ ವೆರ್ನಾ ಎಂದರೆ ಟ್ಯಾಕ್ಸಿಯವರು ನಮ್ಮ ಮುಖ ನೋಡುತ್ತಿದ್ದಾರೆ."

2023ರ ಫೆಬ್ರುವರಿಯ ಒಂದು ಬೆಳಿಗ್ಗೆ ಈ ಕರೆ ಬಂದಾಗ ನಾನು ಪುಣೆಯ ಪಕ್ಕದ ಚಾಕಣದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪೋಹೆ ತಿನ್ನುತ್ತಿದ್ದೆ. ತಟ್ಟೆ ಅಲ್ಲೇ ಉಳಿಯಿತು. ಟಿಕೆಟ್ ತೆಗೆದವಳು ನಾನೇ. ಪರದೆಯ ಮೇಲೆ ‘ಗೋವಾ’ ಎಂದಿತ್ತು, ಇನ್ನೊಂದಕ್ಕಿಂತ ಒಂಬೈನೂರು ರೂಪಾಯಿ ಕಡಿಮೆ ಇತ್ತು, ಕಣ್ಣು ಮುಚ್ಚಿ ಒತ್ತಿದ್ದೆ. ಗೋವಾದಲ್ಲಿ ಹಿಂದಿನ ತಿಂಗಳಷ್ಟೇ, ಜನವರಿ 5ರಿಂದ, ಎರಡನೆಯ ವಿಮಾನ ನಿಲ್ದಾಣ ಶುರುವಾಗಿತ್ತು. ಹಳೆಯ ದಾಬೋಲಿಮ್ ವಾಸ್ಕೋದ ಪಕ್ಕದಲ್ಲಿದೆ. ವೆರ್ನಾ ಕೈಗಾರಿಕಾ ಪ್ರದೇಶ ಅಲ್ಲಿಂದ ಹತ್ತಿರ. ಹೊಸ ಮೋಪಾ ಇರುವುದು ಉತ್ತರದ ತುದಿಯಲ್ಲಿ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡು. ಅಲ್ಲಿಂದ ವೆರ್ನಾಕ್ಕೆ ಬರಲು ಮಾಂಡವಿ ನದಿಯನ್ನೂ ದಾಟಬೇಕು, ಜುವಾರಿಯನ್ನೂ ದಾಟಬೇಕು. ಪುಣೆಯ ಹಾಗೆ ಮೊಬೈಲಿನಲ್ಲಿ ಓಲಾ, ಊಬರ್ ಕರೆಯುವ ಊರೂ ಅದಲ್ಲ. ಹತ್ತು ಗಂಟೆಯ ತಪಾಸಣೆಗೆ ನಮ್ಮ ಇಬ್ಬರು ಎಂಜಿನಿಯರುಗಳು ತಲುಪಿದಾಗ ಹನ್ನೊಂದೂವರೆ. ಇಬ್ಬರ ಟಿಕೆಟಿನಲ್ಲಿ ಉಳಿಸಿದ 1,800 ರೂಪಾಯಿಯನ್ನು ಟ್ಯಾಕ್ಸಿಯೊಂದೇ ನುಂಗಿ ಮೇಲೆ ಇನ್ನಷ್ಟು ಕೇಳಿತು.

ನನ್ನ ಊರು ಧಾರವಾಡ. ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಕಂಪನಿಯಲ್ಲಿ ಆಡಳಿತ ವಿಭಾಗಕ್ಕೆ ಸೇರಿದ್ದೆ; ಪ್ರಯಾಣದ ಕೆಲಸ ತಾನಾಗಿಯೇ ನನ್ನ ಮೇಜಿಗೆ ಬಂತು. ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಏಜೆಂಟರೊಂದಿಗೆ ಜಗಳವಾಡಬಲ್ಲೆ ಎನ್ನುವುದೇ ಅದಕ್ಕೆ ಅರ್ಹತೆ. ಆ ದಿನದವರೆಗೂ ಪ್ರಯಾಣ ಹೊರಟವರು ತುಂಬುವ ನನ್ನ ಅರ್ಜಿ ನಮೂನೆಯ ಮೊದಲ ಸಾಲು ‘ಎಲ್ಲಿಂದ, ಎಲ್ಲಿಗೆ’ ಎಂದಿತ್ತು. ಮರುದಿನವೇ ಅದನ್ನು ಹೊಡೆದುಹಾಕಿ ‘ಯಾವ ಬಾಗಿಲಿಗೆ, ಎಷ್ಟು ಗಂಟೆಗೆ’ ಎಂದು ಬರೆದೆ. ಊರಿನ ಹೆಸರು ನನಗೆ ಬೇಡ, ಸಭೆ ನಡೆಯುವ ಕಟ್ಟಡ ಬೇಕು. ಅಲ್ಲಿಂದ ಹಿಮ್ಮುಖವಾಗಿ ಲೆಕ್ಕ ಹಾಕುತ್ತಾ ಬಂದು ಕೊನೆಗೆ ಟಿಕೆಟ್ ಮುಟ್ಟುತ್ತೇನೆ.

ಮುಂಬೈಯ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ ಹನ್ನೊಂದೂವರೆಗೆ ಸಭೆ ಎಂದುಕೊಳ್ಳಿ. ದೊಡ್ಡವರೆಲ್ಲ "ಕಾರಿನಲ್ಲಿ ಹೋಗಿಬಿಡುತ್ತೇವೆ" ಎನ್ನುತ್ತಾರೆ. ಎಕ್ಸ್‌ಪ್ರೆಸ್‌ವೇ ಏನೋ ತೊಂಬತ್ತೈದು ಕಿಲೋಮೀಟರಿನೊಳಗೇ ಮುಗಿಯುತ್ತದೆ. ಜುಲೈ ತಿಂಗಳಲ್ಲಿ ಖಂಡಾಲಾ ಘಾಟಿನಲ್ಲಿ ಒಂದು ಟ್ರಕ್ ಕೆಟ್ಟು ನಿಂತರೆ ಮಾತ್ರ ಆ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ನಾನು ಡೆಕ್ಕನ್ ಕ್ವೀನ್‌ಗೆ ಹತ್ತಿಸುತ್ತೇನೆ. 1930ರಿಂದ ಓಡುತ್ತಿರುವ ಗಾಡಿ, ಬೆಳಿಗ್ಗೆ 7.15ಕ್ಕೆ ಪುಣೆ ಬಿಡುತ್ತದೆ. ದಾದರಿನಲ್ಲಿ ಇಳಿದರೆ ಉಳಿದ ದಾರಿಗೆ ಒಂದು ಟ್ಯಾಕ್ಸಿ ಸಾಕು. ಅದರ ಊಟದ ಬೋಗಿಯ ಚೀಸ್ ಟೋಸ್ಟ್ ಖರ್ಚಿನ ಪಟ್ಟಿಯಲ್ಲಿ ಬಂದರೆ ನಾನು ಪ್ರಶ್ನೆ ಮಾಡುವುದಿಲ್ಲ. ಎರಡು ಬಂದರೆ ಕೇಳುತ್ತೇನೆ.

ಇನ್ನು ಹೆಸರಿನ ವಿಷಯ. ಇದರಲ್ಲಿ ನಮ್ಮ ಕಡೆಯವರು ಕೊಡುವಷ್ಟು ಕಾಟವನ್ನು ಮರಾಠಿಗರು ಕೊಡುವುದಿಲ್ಲ. ಅವರದು ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಖಾನೆ ತುಂಬಿ ಮುಗಿಯುತ್ತದೆ. ಮೈಸೂರು, ಹಾಸನದ ಕಡೆಯ ಎಂಜಿನಿಯರು ಬಂದರೆ ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಾನ್‌ನಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಅದೇ ಎರಡು ಅಕ್ಷರ ಬಿಡಿಸಿ ಊರು ಮತ್ತು ಅಪ್ಪನಾಗಿರುತ್ತವೆ. ಅಡ್ಡಹೆಸರಿನ ಖಾನೆ ಖಾಲಿ. 2022ರ ನವೆಂಬರಿನಲ್ಲಿ ದುಬೈ ಪ್ರದರ್ಶನಕ್ಕೆ ಒಬ್ಬರನ್ನು ಕಳುಹಿಸುವ ತಯಾರಿಯಲ್ಲಿದ್ದೆವು. ಅದೇ ಹೊತ್ತಿಗೆ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರು ಇರುವವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ಯುಎಇಯ ಸೂಚನೆ ಬಂತು. ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನಲ್ಲಿ ನಮೂದಾಗಿದ್ದರೆ ನಡೆಯುತ್ತದೆ ಎಂಬ ಸ್ಪಷ್ಟನೆ ಬರುವ ಹೊತ್ತಿಗೆ ಆ ಮನುಷ್ಯ ಮೂರು ರಾತ್ರಿ ನಿದ್ದೆಗೆಟ್ಟಿದ್ದರು. "ಅಪ್ಪ ಇಟ್ಟ ಹೆಸರು ಒಂದೇ ಅಲ್ಲವೇ, ಇನ್ನೊಂದನ್ನು ಎಲ್ಲಿಂದ ತರಲಿ?" ಎಂದು ನನ್ನನ್ನೇ ಕೇಳಿದರು. ಈಗ ಕೆಲಸಕ್ಕೆ ಸೇರಿದ ದಿನವೇ ಗುರುತಿನ ಚೀಟಿಯ ಫೋಟೊ ತರಿಸಿಕೊಂಡು, ಅದರಲ್ಲಿ ಇದ್ದ ಹಾಗೆಯೇ ಅಕ್ಷರಕ್ಕೆ ಅಕ್ಷರ ನಕಲು ಮಾಡಿಟ್ಟಿದ್ದೇನೆ. ಫೋನಿನಲ್ಲಿ ಹೇಳಿದ ಹೆಸರಿಗೆ ಟಿಕೆಟ್ ತೆಗೆಯುವುದಿಲ್ಲ, ಮಾಲೀಕರದ್ದೇ ಆಗಲಿ.

ಜಿಎಸ್‌ಟಿಯ ಪಾಠ ಕಲಿಸಿದವರು ನಮ್ಮ ಲೆಕ್ಕಪತ್ರದ ಅಣ್ಣ. ವಿಮಾನದ ಟಿಕೆಟ್ ತೆಗೆಯುವಾಗಲೇ ಕಂಪನಿಯ ಜಿಎಸ್‌ಟಿ ಸಂಖ್ಯೆ ಹಾಕಿದರೆ ಸಾಮಾನ್ಯ ದರ್ಜೆಯ ಮೇಲಿನ 5 ಶೇಕಡಾ ತೆರಿಗೆಯ ಕ್ರೆಡಿಟ್, ಅಂದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಡಿತ, ಪುಣೆಯಲ್ಲೇ ಸಿಗುತ್ತದೆ. ಮರೆತರೆ ಆಮೇಲೆ ಏಜೆಂಟರ ಬೆನ್ನು ಬಿದ್ದು ಕೈ ನೋಯಿಸಿಕೊಳ್ಳಬೇಕು. ಹೋಟೆಲಿನದು ಬೇರೆ ಕಥೆ. ಅಲ್ಲಿ ತೆರಿಗೆ ಕೋಣೆ ಇರುವ ರಾಜ್ಯದ್ದು. ಗೋವಾದಲ್ಲಿ ನಮಗೆ ನೋಂದಣಿ ಇಲ್ಲ, ಆದ್ದರಿಂದ ಅಲ್ಲಿ ಮಲಗಿದವರ ತೆರಿಗೆ ಅಲ್ಲಿಗೇ ಅರ್ಪಣೆ. ಇದು ಗೊತ್ತಾದ ಮೇಲೆ ಗೋವಾಕ್ಕೆ ಬೆಳಿಗ್ಗೆ ಹೋಗಿ ಸಂಜೆ ಬರುವ ಟಿಕೆಟ್ ಸ್ವಲ್ಪ ದುಬಾರಿಯಾದರೂ ನನಗೆ ಹಗುರವಾಗಿಯೇ ಕಾಣುತ್ತದೆ.

‘ಎಲ್ಲಕ್ಕಿಂತ ಅಗ್ಗದ ಟಿಕೆಟ್’ ಎಂಬ ಹಳೆಯ ನಿಯಮವನ್ನು ಬದಲಿಸಲು ಮಾತ್ರ ಒಂದು ವರ್ಷ ಹಿಡಿಯಿತು. ವಾದ ಮಾಡಿ ಸೋತೆ. ಆಮೇಲೆ ಆರು ತಿಂಗಳ ರದ್ದತಿ ಶುಲ್ಕ, ದಿನಾಂಕ ಬದಲಾವಣೆಯ ಶುಲ್ಕ, ಮೋಪಾದಂಥ ಟ್ಯಾಕ್ಸಿಗಳ ರಸೀದಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ವ್ಯವಸ್ಥಾಪಕರ ಮೇಜಿನ ಮೇಲಿಟ್ಟೆ, ಬಾಯಿ ಬಿಡಲಿಲ್ಲ. ಅವರು ಹಾಳೆ ತಿರುಗಿಸಿ ಹಿಂದೆಯೂ ಇದೆಯೇ ಎಂದು ನೋಡಿದರು. ಇತ್ತು. ಈಗಿನ ನಿಯಮ: ಬೇಕಾದ ಹೊತ್ತಿನ ಹಿಂದೆಮುಂದಿನ ಎರಡು ಗಂಟೆಯೊಳಗೆ ಯಾವುದು ಕಡಿಮೆಯೋ ಅದು.

ಆ ಇಬ್ಬರು ಎಂಜಿನಿಯರುಗಳಲ್ಲಿ ಕಿರಿಯವನು ಕಳೆದ ವಾರ ಮತ್ತೆ ವೆರ್ನಾಕ್ಕೆ ಹೊರಟ. ನಮೂನೆಯ ‘ಯಾವ ಬಾಗಿಲಿಗೆ’ ಎಂಬ ಸಾಲಿನಲ್ಲಿ ಬರೆದಿದ್ದ: "ಎರಡನೆಯ ಗೇಟ್, ಕಾವಲುಗಾರರ ಕೋಣೆಯ ಎಡಕ್ಕೆ, ದಾಬೋಲಿಮ್ ಕಡೆಯಿಂದ ಅಕ್ಕಾ, ದಾಬೋಲಿಮ್."