ಭಾಷಣ ಬಿಟ್ಟೆ, ಬುಟ್ಟಿ ಇಟ್ಟೆ: ಪಿಪಿಇ ತರಬೇತಿಯಲ್ಲಿ ನನ್ನ ಅನುಭವ

ಪಿಪಿಇ, ಅಂದರೆ ಗ್ಲೌಸ್, ಮಾಸ್ಕ್, ಹೆಲ್ಮೆಟ್‌ನಂಥ ರಕ್ಷಣಾ ಸಾಧನಗಳ ತರಬೇತಿ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಸ್ಲೈಡ್ ತೋರಿಸುವುದು, ಸಹಿ ಹಾಕಿಸಿಕೊಳ್ಳುವುದು, ಫೋಟೊ ತೆಗೆದು ಫೈಲಿಗೆ ಸೇರಿಸುವುದು. ನಾನು ಸೇಫ್ಟಿ ನೋಡಿಕೊಳ್ಳುವ ಘಟಕದಲ್ಲೂ ವರ್ಷಗಟ್ಟಲೆ ಇದೇ ನಡೆಯಿತು. ಸ್ಲೈಡ್ ಬಿಟ್ಟು ಬಗೆಬಗೆಯ ಪಿಪಿಇ ತುಂಬಿದ ಬುಟ್ಟಿ ಇಡ್ತೀನಿ, ಕೆಲಸಗಾರರೇ ಆರಿಸಲಿ ಅಂದಾಗ ಪ್ರೊಡಕ್ಷನ್ ಮ್ಯಾನೇಜರ್ ಒಪ್ಪಲಿಲ್ಲ. "ಆಯ್ಕೆ ಅವರಿಗೆ ಬಿಟ್ರೆ ಯಾವುದು ಆರಾಮೋ ಅದನ್ನೇ ಎತ್ಕೋತಾರೆ" ಅಂದರು. ಬೇರೆ ಘಟಕದ ಸೇಫ್ಟಿಯವರು ನಕ್ಕರು. ಈಗ ಅವರೇ ಬುಟ್ಟಿಯಲ್ಲಿ ಏನೇನು ಇಡ್ತೀರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪಿಪಿಇ ಕೊನೆಯ ಉಪಾಯ, ಅಪಾಯವನ್ನು ಮೂಲದಲ್ಲೇ ತೆಗೆಯಬೇಕು ಅನ್ನುವುದನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ.

ಮೊದಲು ಸೋತಿದ್ದನ್ನು ಹೇಳಿಬಿಡುತ್ತೇನೆ. ಪೋಸ್ಟರ್ ಅಂಟಿಸಿದೆವು, ಯಾರೂ ನೋಡಲಿಲ್ಲ. ದಂಡ ಹಾಕಿದೆವು. ಅದರಿಂದ ಆಗಿದ್ದು ಇಷ್ಟೇ, ನಾನು ಶೆಡ್ಡಿಗೆ ಕಾಲಿಟ್ಟರೆ ಒಬ್ಬ ಸೀಟಿ ಹೊಡೆಯುತ್ತಿದ್ದ, ಎಲ್ಲರ ತಲೆಗೂ ಹೆಲ್ಮೆಟ್ ಏರುತ್ತಿತ್ತು. ಎಲ್ಲಕ್ಕಿಂತ ಜಾಸ್ತಿ ದುಡ್ಡು ತಿಂದಿದ್ದು ಎಲ್ಲರಿಗೂ ಒಂದೇ ಕಿಟ್ ಅನ್ನುವ ಯೋಜನೆ. ಒಂದೇ ಸೈಜು, ಒಂದೇ ಬಗೆಯ ಗ್ಲೌಸ್, ಸಗಟಿನಲ್ಲಿ ಖರೀದಿ. ಸಣ್ಣ ಕೈಯವರು ಬೆರಳ ತುದಿಗಳನ್ನು ಕತ್ತರಿಸಿ ಹಾಕಿಕೊಳ್ಳುತ್ತಿದ್ದರು. ದೊಡ್ಡ ಕೈಯವರದು ಹೆಬ್ಬೆರಳ ಬುಡದಲ್ಲಿ ಹರಿಯುತ್ತಿತ್ತು. ಒಂದು ಶಿಫ್ಟಿಗೆ ಎರಡು ಮೂರು ಜೊತೆ ಕಸದ ಡಬ್ಬಿ ಸೇರುತ್ತಿದ್ದವು. ಪರ್ಚೇಸ್ ಕಡೆಯವರು ಮಾತ್ರ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಯಲ್ಲಿದ್ದರು.

ಈಗ ಮಾಡುವ ರೀತಿ ಹೀಗಿದೆ. ಬುಟ್ಟಿಯಲ್ಲಿ ಹತ್ತು ಹನ್ನೆರಡು ಬಗೆಯ ಗ್ಲೌಸ್, ನಾಲ್ಕೈದು ಮಾಸ್ಕ್, ಮೂರು ಬಗೆಯ ಕನ್ನಡಕ. ಕೆಲವು ಸರಿ, ಕೆಲವು ತಪ್ಪು, ಕೆಲವು ಸರಿಯಾದ ಬಗೆಯೇ ಆದರೂ ಹಾಳಾದವು. ನಾಲ್ಕೈದು ಜನರ ಗುಂಪಿಗೆ ಒಂದು ಚೀಟಿ. "ಥಿನ್ನರಿನಲ್ಲಿ ಬಿಡಿಭಾಗ ತೊಳೆಯುವುದು", "ಅಂಚು ಹರಿತವಾದ ಶೀಟ್ ಎತ್ತುವುದು", ಹೀಗೆ. ಅವರು ಆರಿಸಬೇಕು. ಎದುರು ಗುಂಪು ಅದು ಯಾಕೆ ತಪ್ಪು ಅಂತ ಹೇಳಬೇಕು. ನಾನು ಬಾಯಿ ಬಿಡುವುದಿಲ್ಲ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ, ನಂಬಿ.

ಒಂದು ಚೀಟಿಯಲ್ಲಿ ಡ್ರಿಲ್ ಮೆಷಿನ್ ಇರುತ್ತದೆ. ಅದಕ್ಕೆ ಸರಿಯುತ್ತರ ಯಾವ ಗ್ಲೌಸೂ ಬೇಡ ಅನ್ನುವುದು. ತಿರುಗುವ ಬಿಟ್ ಗ್ಲೌಸಿನ ಎಳೆ ಹಿಡಿದರೆ ಕೈಯನ್ನೂ ಒಳಗೆ ಎಳೆಯುತ್ತದೆ. ಪ್ರತಿ ಸಲ ಇಲ್ಲೇ ಜಗಳ. ಸೇಫ್ಟಿಯವರೇ ಗ್ಲೌಸ್ ಹಾಕಬೇಡಿ ಅಂತ ಹೇಳ್ತಾರಾ ಅನ್ನುವ ಆಶ್ಚರ್ಯ ಬೇರೆ. ಆ ಜಗಳ ಮುಗಿಯುವಷ್ಟರಲ್ಲಿ ಕೆಲಸ ನೋಡಿ ಪಿಪಿಇ ಆರಿಸಬೇಕು ಅನ್ನುವುದು ಅವರಿಗೆ ಹೊಳೆದಿರುತ್ತದೆ.

ಗ್ಲೌಸ್ ಮೇಲಿನ ಗುರುತು ಓದಿಸುವುದಕ್ಕೆ ಎಲ್ಲವನ್ನೂ ಹೇಳಿಕೊಡಲು ಹೋಗಬೇಡಿ. ಇಎನ್ 388 ಅನ್ನುವ ಯುರೋಪಿನ ಮಾನದಂಡದ ಚಿತ್ರದ ಕೆಳಗೆ, ಗ್ಲೌಸ್ ಯಾವುದಕ್ಕೆ ಎಷ್ಟು ತಾಳುತ್ತದೆ ಅಂತ ಹೇಳುವ ನಾಲ್ಕು ಅಂಕಿ ಇರುತ್ತವೆ: ಸವೆತ, ಕೊಯ್ತ, ಹರಿಯುವಿಕೆ, ಚುಚ್ಚು. ಆಮೇಲೆ ಕೊಯ್ತವನ್ನೇ ಹೊಸ ವಿಧಾನದಲ್ಲಿ ಅಳೆದು ಕೊಡುವ, ಎ ಯಿಂದ ಎಫ್ ವರೆಗಿನ ಒಂದು ಅಕ್ಷರ. ಶೀಟ್ ಹಿಡಿಯುವವರಿಗೆ ನಾನು ಆ ಅಕ್ಷರವನ್ನು ಮಾತ್ರ ತೋರಿಸುತ್ತೇನೆ. ಗಟ್ಟಿ ನೂಲಿನ ಗ್ಲೌಸ್ ಪರೀಕ್ಷಿಸುವಾಗ ಹಳೆಯ ವಿಧಾನದ ತಿರುಗುವ ಬ್ಲೇಡೇ ಮೊಂಡಾಗಿಬಿಡುತ್ತದೆ, ಹಾಗಾಗಿ ಎರಡನೇ ಅಂಕಿಯನ್ನು ಅಷ್ಟಾಗಿ ನಂಬುವಂತಿಲ್ಲ. ಎಕ್ಸ್ ಇದ್ದರೆ ಆ ಪರೀಕ್ಷೆ ಮಾಡಿಲ್ಲ ಅಂತ ಅರ್ಥ. ಅದನ್ನು "ಎಕ್ಸ್‌ಟ್ರಾ" ಅಂದುಕೊಂಡವರನ್ನೂ ನೋಡಿದ್ದೇನೆ!

ರಾಸಾಯನಿಕದ ವಿಷಯಕ್ಕೆ ಬಂದರೆ ಮಾತು ನಡೆಯುವುದಿಲ್ಲ, ಕಣ್ಣಿಗೆ ಕಾಣಬೇಕು. ನೈಟ್ರೈಲ್ ಅನ್ನುವ ಕೃತಕ ರಬ್ಬರಿನ ತೆಳು ಗ್ಲೌಸಿನ ಬೆರಳೊಂದನ್ನು ಕತ್ತರಿಸಿ, ಗಾಳಿಯಾಡುವ ಕಡೆ ಗಾಜಿನ ಲೋಟದಲ್ಲಿ ಅಸಿಟೋನ್ ಅನ್ನುವ ದ್ರಾವಕಕ್ಕೆ ಇಳಿಸುತ್ತೇನೆ. ಪಕ್ಕದ ಲೋಟದಲ್ಲಿ ಬ್ಯುಟೈಲ್ ರಬ್ಬರಿನ ತುಂಡು. ಸ್ವಲ್ಪ ಹೊತ್ತಿಗೆ ನೈಟ್ರೈಲ್ ಉಬ್ಬಿ, ಮೆತ್ತಗಾಗಿ, ಎಳೆದರೆ ಕಿತ್ತು ಬರುತ್ತದೆ. ಬ್ಯುಟೈಲ್ ಹಾಗೇ ಇರುತ್ತದೆ. ಎಣ್ಣೆ ಗ್ರೀಸಿಗೆ ಅದೇ ನೈಟ್ರೈಲ್ ಚೆನ್ನಾಗಿ ತಾಳುತ್ತದೆ, ಬ್ಯುಟೈಲ್ ತಾಳುವುದಿಲ್ಲ ಅನ್ನುವುದನ್ನೂ ಅಲ್ಲೇ ಹೇಳುತ್ತೇನೆ. ಇಲ್ಲದಿದ್ದರೆ ಮಾರನೇ ದಿನ ಎಲ್ಲರೂ ಬ್ಯುಟೈಲ್ ಕೇಳುತ್ತಾರೆ, ಸ್ಟೋರಿನವರು ನನ್ನ ಮೇಲೆ ಏರಿ ಬರುತ್ತಾರೆ.

"ಏನೋ ಒಂದು ಗ್ಲೌಸ್ ಇದ್ದರೆ ಸಾಕಲ್ವಾ" ಅನ್ನುವವರಿಗೆ ಕ್ಯಾರೆನ್ ವೆಟರ್‌ಹಾನ್ ಕಥೆ ಹೇಳುತ್ತೇನೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕಿ. 1996ರ ಆಗಸ್ಟಿನಲ್ಲಿ ಡೈಮಿಥೈಲ್ ಮರ್ಕ್ಯುರಿ ಅನ್ನುವ, ಪಾದರಸದ ಭಾರಿ ವಿಷದ ಕೆಲವು ಹನಿ ಅವರ ಲೇಟೆಕ್ಸ್ ಗ್ಲೌಸ್ ಮೇಲೆ ಬಿದ್ದಿತು. 1997ರ ಜೂನಿನಲ್ಲಿ ತೀರಿಕೊಂಡರು. ಆಮೇಲೆ ಪರೀಕ್ಷೆ ಮಾಡಿ ನೋಡಿದಾಗ ಆ ವಸ್ತು ಅಂಥ ಗ್ಲೌಸನ್ನು 15 ಸೆಕೆಂಡಿನೊಳಗೆ ದಾಟುತ್ತಿತ್ತು. ಅವರು ಗ್ಲೌಸ್ ಹಾಕಿಯೇ ಇದ್ದರು. ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ಹಾಕುವುದಕ್ಕಿಂತ ಬಿಚ್ಚುವುದರಲ್ಲೇ ಜನ ಎಡವುತ್ತಾರೆ. ಯುವಿ ಬೆಳಕಿಗೆ ಹೊಳೆಯುವ ಪುಡಿಯನ್ನು ಕಲಸಿ ಗ್ಲೌಸಿಗೆ ಬಳಿಯುತ್ತೇನೆ. ಹತ್ತು ನಿಮಿಷ ಎಂದಿನ ಕೆಲಸ ಮಾಡಿ, ಗ್ಲೌಸ್ ಬಿಚ್ಚಿ ಬನ್ನಿ ಅನ್ನುತ್ತೇನೆ. ದೀಪ ಆರಿಸಿ ಯುವಿ ಟಾರ್ಚ್ ಹಿಡಿದರೆ ಮಣಿಕಟ್ಟು, ಕುತ್ತಿಗೆ, ಮೊಬೈಲು, ಮೂಗಿನ ತುದಿ ಎಲ್ಲ ಹೊಳೆಯುತ್ತವೆ. ಒಬ್ಬ ಹಿರಿಯ ಫಿಟ್ಟರ್ ತನ್ನ ತುಟಿ ಹೊಳೆಯುವುದನ್ನು ಕನ್ನಡಿಯಲ್ಲಿ ನೋಡಿ ಒಂದು ಮಾತೂ ಆಡದೆ ಕೈ ತೊಳೆಯಲು ಹೋದರು. ಆಮೇಲೆ ವಿಧಾನ ಕಲಿಸುವುದು ಎರಡು ನಿಮಿಷದ ಮಾತು. ಮಣಿಕಟ್ಟಿನ ಹತ್ತಿರ ಹೊರಗಡೆ ಹಿಡಿದು ಒಳಗು ಹೊರಗಾಗುವಂತೆ ಎಳೆ, ಮುಷ್ಟಿಯಲ್ಲಿಟ್ಟುಕೋ, ಇನ್ನೊಂದರ ಒಳಗೆ ಬರಿ ಬೆರಳು ತೂರಿಸಿ ಅದರ ಮೇಲೇ ಮಗುಚು. ಪುಡಿಯನ್ನು ಯಾವುದರಲ್ಲಿ ಎಷ್ಟು ಕಲಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅಷ್ಟು ಕಷ್ಟಪಟ್ಟು ಹದ ಕಂಡುಕೊಂಡಿದ್ದೇನೆ.

ಮಾಸ್ಕಿಗೆ ಗಡ್ಡದ್ದೇ ತಕರಾರು, ಅಂಚು ಮುಖಕ್ಕೆ ಕೂರಲು ಬಿಡುವುದಿಲ್ಲ. ಗಡ್ಡ ತೆಗೀರಿ ಅಂತ ನಾನು ಯಾರಿಗೂ ಹೇಳಲ್ಲ. ತಲೆಗೆ ಹುಡ್ ಹಾಕಿ ಕಹಿ ದ್ರಾವಣ ಸಿಂಪಡಿಸುವ ಫಿಟ್ ಟೆಸ್ಟ್ ಮಾಡುತ್ತೇನೆ, ಅಷ್ಟೇ. ಮಾಸ್ಕ್ ಸೋರಿದರೆ ಕಹಿ ಬಾಯಿಗೆ ತಾಗುತ್ತದೆ. ಮೊದಲು ಮಾಸ್ಕ್ ಇಲ್ಲದೆ ಕಹಿ ಗೊತ್ತಾಗುತ್ತದಾ ನೋಡಬೇಕು, ಅದನ್ನು ಬಿಟ್ಟರೆ ಟೆಸ್ಟಿಗೇ ಅರ್ಥವಿಲ್ಲ. ಗಡ್ಡದವರು ತಲೆ ಪಕ್ಕಕ್ಕೆ ತಿರುಗಿಸುವಷ್ಟರಲ್ಲಿ ಮುಖ ಕಿವುಚುತ್ತಾರೆ. ಅರ್ಧಕ್ಕಿಂತ ಹೆಚ್ಚು ಜನ ಮುಂದಿನ ವಾರ ತಾವಾಗೇ ಬೋಳಿಸಿಕೊಂಡು ಬಂದರು. ತೆಗೆಯಲು ಆಗದವರಿಗೆ ಮೋಟಾರಿನಿಂದ ಗಾಳಿ ಕೊಡುವ ಸಡಿಲ ಹುಡ್ ಬೇಕು. ಅದರ ಬೆಲೆ ಕೇಳಿ ಮ್ಯಾನೇಜರ್ ಎದ್ದು ನಿಂತರು. ಕೊನೆಗೆ ಎರಡು ತರಿಸಿದರು.

ಮಾಸ್ಕಿಗೆ ಸಿಕ್ಕಿಸುವ, ಅನಿಲ ಸೋಸುವ ಕಾರ್ಟ್ರಿಜ್‌ನ ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಸಾವಯವ ಆವಿಗೆ (ಥಿನ್ನರಿನಂಥ ದ್ರಾವಕಗಳ ಆವಿ) ಯುರೋಪಿನ ಪದ್ಧತಿಯಲ್ಲಿ ಕಂದು, ಅಮೆರಿಕದ ಪದ್ಧತಿಯಲ್ಲಿ ಕಪ್ಪು. ಹಳದಿ ಯುರೋಪಿನದರಲ್ಲಿ ಸಲ್ಫರ್ ಡೈಆಕ್ಸೈಡಿಗೆ, ಅಮೆರಿಕದ್ದರಲ್ಲಿ ಸಾವಯವ ಆವಿ ಮತ್ತು ಆಮ್ಲ ಅನಿಲ ಎರಡಕ್ಕೂ. ಎರಡೂ ಪದ್ಧತಿಯವು ಒಂದೇ ಕಪಾಟಿನಲ್ಲಿದ್ದರೆ ಯಾವ ತರಬೇತಿಯೂ ಕಾಪಾಡುವುದಿಲ್ಲ.

ಕನ್ನಡಕದ ಮಂಜಿನ ಹಿಂದೆ ಸುಮಾರು ದಿನ ಬಿದ್ದಿದ್ದೆ. ಸೋಪಿನ ತೆಳು ಲೇಪ ಹಚ್ಚಿ ನೋಡಿದೆ, ಒಂದು ಗಂಟೆ ಚೆನ್ನಾಗಿತ್ತು, ಬೆವರು ಇಳಿದ ಮೇಲೆ ಕಣ್ಣು ಉರಿ ಅಂತ ಬೈದರು. ಮಂಜು ತಡೆಯುವ ಸ್ಪ್ರೇ ದುಬಾರಿ, ಒರೆಸಿದರೆ ಹೋಗುತ್ತದೆ. ಆಮೇಲೆ ನೋಡಿದರೆ ಎಷ್ಟೋ ಜನ ಮಾಸ್ಕಿನ ಮೂಗಿನ ಪಟ್ಟಿಯನ್ನು ಒತ್ತಿಯೇ ಇರಲಿಲ್ಲ, ಉಸಿರೆಲ್ಲ ಮೇಲಕ್ಕೆ ನುಗ್ಗುತ್ತಿತ್ತು. ಎರಡೂ ಕೈಯ ಬೆರಳಿಂದ ಪಟ್ಟಿ ಒತ್ತಿಸಿದ ಮೇಲೆ ಮುಕ್ಕಾಲು ಪಾಲು ದೂರು ನಿಂತಿತು.

ಇಯರ್ ಪ್ಲಗ್‌ಗೆ ಒಂದೇ ಲೆಕ್ಕ ಬೋರ್ಡಿನ ಮೇಲೆ ಬರೆಯುತ್ತೇನೆ. 30 ಡೆಸಿಬೆಲ್ ತಗ್ಗಿಸುವ ಪ್ಲಗ್ಗನ್ನು 8 ಗಂಟೆಯಲ್ಲಿ ಅರ್ಧ ಗಂಟೆ ತೆಗೆದಿಟ್ಟರೆ ಇಡೀ ದಿನಕ್ಕೆ ಸಿಗುವುದು ಸುಮಾರು 12 ಮಾತ್ರ. ಹೊಸೆದು, ತಲೆಯ ಮೇಲಿಂದ ಕೈ ತಂದು ಕಿವಿ ಎಳೆದು, ತೂರಿಸಿ, ಉಬ್ಬುವವರೆಗೆ ಒತ್ತಿ ಹಿಡಿಯಬೇಕು. ಆಮೇಲೆ ಅಂಗೈಗಳಿಂದ ಕಿವಿ ಮುಚ್ಚಿ ನೋಡಿ. ಸದ್ದು ಇನ್ನೂ ಚೆನ್ನಾಗಿ ಇಳಿದರೆ ಪ್ಲಗ್ ಸರಿಯಾಗಿ ಕೂತಿಲ್ಲ.

ದುಡ್ಡಿನ ಮಾತು. ಒಂದೇ ಬಗೆ ಇದ್ದ ಗ್ಲೌಸ್ ಏಳಾಯಿತು, ಸೈಜು ಬೇರೆ. ಮೊದಲ ಎರಡು ಮೂರು ತಿಂಗಳು ಖರ್ಚು ಕಾಲು ಪಾಲು ಏರಿತು. ನೋಡಿದ್ರಾ, ಹೇಳಿರಲಿಲ್ವಾ ಅಂದರು ಮ್ಯಾನೇಜರ್. ಆರು ತಿಂಗಳ ಹೊತ್ತಿಗೆ ಹಳೆಯ ಲೆಕ್ಕಕ್ಕಿಂತ ಮೂರನೇ ಒಂದು ಭಾಗ ಕಮ್ಮಿ. ಪುಸ್ತಕ ನೋಡದೆ ಹೇಳುತ್ತಿದ್ದೇನೆ, ಸ್ವಲ್ಪ ಆಚೀಚೆ ಇರಬಹುದು. ಕೈಗೆ ಸರಿಹೊಂದುವ ಗ್ಲೌಸನ್ನು ಯಾರೂ ಎಸೆಯುವುದಿಲ್ಲ. ಒಳ್ಳೆಯದು ಒಂದು ಜೊತೆ ವಾರ ಬರುತ್ತದೆ. ಕೈ ಕೊಯ್ದುಕೊಂಡು ಪ್ರಥಮ ಚಿಕಿತ್ಸೆಗೆ ಬರುವವರೂ ತೀರ ಕಡಿಮೆಯಾದರು.

ಎತ್ತರದಲ್ಲಿ ಕೆಲಸ ಮಾಡುವವರು ಮೈಗೆ ಕಟ್ಟಿಕೊಳ್ಳುವ ಹಾರ್ನೆಸ್‌ಗೆ ಮಾತ್ರ ಬುಟ್ಟಿ ಸಾಲದು. ಹಾರ್ನೆಸನ್ನು ಕೊಕ್ಕೆಗೆ ಜೋಡಿಸುವ 2 ಮೀಟರ್ ಲ್ಯಾನ್ಯಾರ್ಡ್ ಹಗ್ಗ, ಬಿದ್ದಾಗ ಎಳೆತ ತಗ್ಗಿಸುವ ಅಬ್ಸಾರ್ಬರ್ ಬಿಚ್ಚಿಕೊಂಡರೆ ಇನ್ನೂ 1.75 ಮೀಟರ್ ವರೆಗೆ, ಆಮೇಲೆ ಆಳಿನ ಎತ್ತರ, ಕೆಳಗೊಂದಿಷ್ಟು ಉಳಿಕೆ. ಕೊಕ್ಕೆಯನ್ನು ಕಾಲ ಮಟ್ಟದಲ್ಲಿ ಹಾಕಿದರೆ 6 ಮೀಟರಿಗೂ ಹೆಚ್ಚು ಖಾಲಿ ಜಾಗ ಬೇಕು. ನಾನು 6 ಮೀಟರ್ ಹಗ್ಗವನ್ನು ಅವರು ಕೆಲಸ ಮಾಡುವ ಅಟ್ಟದಿಂದಲೇ ಇಳಿಬಿಡಿಸುತ್ತೇನೆ. ನಮ್ಮ ಅಟ್ಟ ನಾಲ್ಕು ಮೀಟರ್ ಚಿಲ್ಲರೆ. ಉಳಿದ ಹಗ್ಗ ನೆಲದ ಮೇಲೆ ಸುರುಳಿ ಬಿದ್ದಿದ್ದನ್ನು ನೋಡಿದ ದಿನವೇ ಕೆಲಸಗಾರರು ತಾವಾಗಿ ತಲೆಯ ಮೇಲೆ ಕೊಕ್ಕೆ ಹಾಕಲು ಜಾಗ ಮಾಡಿಕೊಡಿ, ಹಗ್ಗವನ್ನು ತಾನಾಗಿ ಸುತ್ತಿಕೊಂಡು ಬಿದ್ದ ತಕ್ಷಣ ಹಿಡಿಯುವ ಬ್ಲಾಕ್ ಬೇಕು ಅಂತ ಬರೆದುಕೊಟ್ಟರು. ಆ ಇಂಡೆಂಟ್ ಇನ್ನೂ ಮ್ಯಾನೇಜರ್ ಟೇಬಲ್ ಮೇಲಿದೆ. ಅಲ್ಲಿಯವರೆಗೆ ಅಟ್ಟದ ಕೆಲಸಕ್ಕೆ ನಾನು ಪರ್ಮಿಟ್ ಸಹಿ ಮಾಡುತ್ತಿಲ್ಲ.