ಎತ್ತು ತೋರಿಸಿದ ದಾರಿ: ಹುಲಿಕಲ್ ಕಡೆಯ ಹೇರುದಾರಿ ಹುಡುಕಿದ ಅನುಭವ

ಬೆನ್ನ ಮೇಲೆ ಸರಕು ಹೊತ್ತು ಸಾಗುತ್ತಿದ್ದ ಹೇರೆತ್ತಿನ ದಾರಿಯನ್ನು ಕಾಡು ಯಾವತ್ತೋ ನುಂಗಿದೆ, ಸುಮ್ನೆ ಕಾಲು ಸವೆಸಬೇಡ ಅಂತ ಗೆಳೆಯರೆಲ್ಲ ಹೇಳಿದ್ದರು. ಮೂರು ವರ್ಷ ಅವರ ಮಾತೇ ಗೆದ್ದಿತ್ತು. ಈ ಸಲ ಸಿಕ್ಕಿತು. ಮಲೆನಾಡಿನ ನಗರ ಅನ್ನೋ ಊರಿಂದ ಹುಲಿಕಲ್ ಘಾಟಿ ಕಡೆಗೆ, ತುಂಡು ತುಂಡು ಸೇರಿಸಿದರೆ ಸುಮಾರು 6 ಕಿಲೋಮೀಟರ್.

ನಗರ ಅಂದರೆ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂತ ಹೆಸರಿಟ್ಟ. ಇಲ್ಲಿಂದ ಮೆಣಸು, ಅಡಿಕೆ, ಅಕ್ಕಿ ಕರಾವಳಿಯ ಬಸರೂರು ಬಂದರಿನ ಕಡೆಗೆ ಇಳಿಯುತ್ತಿತ್ತು. ಉಪ್ಪು, ಒಣಮೀನು ಮೇಲೆ ಹತ್ತುತ್ತಿತ್ತು. ಅಷ್ಟು ಸಾವಿರ ಗೊರಸು ತುಳಿದ ನೆಲ ಪೂರ್ತಿ ಮಾಯವಾಗಲ್ಲ ಅನ್ನೋದು ನನ್ನ ಹಟ.

ಮೊದಲ ವರ್ಷ ಹಳೇ ನಕ್ಷೆ ನಂಬಿ ಕೆಟ್ಟೆ. ನಕ್ಷೆಯ ಚುಕ್ಕಿಗೆರೆ ನೋಡಿ ನೆಟ್ಟಗೆ ಇಳಿದರೆ ಎದುರಿಗೆ ಬರೋದು ಬರೀ ಹಳ್ಳ. ಸೆಕೆಂಡ್ ಹ್ಯಾಂಡ್ ಜಿಪಿಎಸ್‌ಗೆ 18,000 ಹೋಯಿತು. ದಟ್ಟ ಮರಗಳ ಕೆಳಗೆ ಅದು 30-40 ಮೀಟರ್ ಅತ್ತಿತ್ತ ಓಡಾಡುತ್ತಿತ್ತು. ಎರಡನೇ ವರ್ಷ ಡ್ರೋನ್ ಬಾಡಿಗೆಗೆ ತಂದೆ, ದಿನಕ್ಕೆ 7,000. ಅದು ತೋರಿಸಿದ್ದು ಬರೀ ಹಸಿರು ಹಾಸು. ಜೀಪು, ಜೊತೆಯವರ ಕೂಲಿ ಎಲ್ಲ ಸೇರಿ 60,000 ದಾಟಿರಬೇಕು. ಮನೆಯಲ್ಲಿ ಲೆಕ್ಕ ಹೇಳಿಲ್ಲ.

ದುಡ್ಡಿಗಿಂತ ಜಾಸ್ತಿ ಕಾಡಿದ್ದು ಅನುಮಾನ. ಹುತ್ತದ ಹತ್ತಿರ ಕೆಳದಿ ಅರಸರ ಮೂಲಪುರುಷ ಚೌಡಪ್ಪನಿಗೆ ನಿಧಿ ಸಿಕ್ಕಿ ಕೆಳದಿ ಸಂಸ್ಥಾನ ಎದ್ದಿತು ಅನ್ನೋ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಟೇಪು ಹಿಡಿದು ಕಾಡಂಚಿನಲ್ಲಿ ಬಗ್ಗಿದರೆ ನಿಧಿಗಳ್ಳ ಅಂತಲೇ ಲೆಕ್ಕ. ಒಂದು ಊರಲ್ಲಿ ನನ್ನನ್ನು ಸಂಜೆವರೆಗೆ ಜಗಲಿ ಮೇಲೆ ಕೂರಿಸಿಕೊಂಡು ವಿಚಾರಿಸಿದರು. ಬಿಡುವಾಗ ಕಾಫಿ ಕೊಟ್ಟರು.

ಕೊನೆಗೆ ಹೊಳೆದದ್ದು ಇಷ್ಟೇ. ದಾರಿ ಮಾಡಿದ್ದು ಎತ್ತು, ನಾನು ಮನುಷ್ಯನ ಹಾಗೆ ಹುಡುಕುತ್ತಿದ್ದೆ. ಪರಿಚಯದವರ ಎತ್ತೊಂದನ್ನು ದಿನಕ್ಕೆ 800ಕ್ಕೆ ತಂದೆ, ಹಿಂಡಿ ಬೇರೆ. ಬೆನ್ನಿನ ಎರಡೂ ಬದಿಗೆ 30 ಕಿಲೋದ ಅಕ್ಕಿ ಚೀಲ ಇಳಿಬಿಟ್ಟು, ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟದಲ್ಲಿ ಹಗ್ಗ ಸಡಿಲಿಸಿದೆ. ಹತ್ತಡಿಗೆ ಒಂದಡಿ ಏರು ಇದ್ದರೆ ಸಲೀಸಾಗಿ ಹೋಗುತ್ತಿತ್ತು. ಜಾಸ್ತಿಯಾದರೆ ಅಡ್ಡ ತಿರುಗುತ್ತಿತ್ತು. ಮೆಟ್ಟಿಲಿನಂಥ ಬಂಡೆ ಕಂಡರೆ ಮುಂಗಾಲು ಊರಿ ನಿಂತೇಬಿಡುತ್ತಿತ್ತು. ಗಂಟೆಗೆ 3 ಕಿಲೋಮೀಟರ್ ಮೇಲೆ ಹೋಗಲೇ ಇಲ್ಲ. ಕತ್ತೆ ಮೇಲೂ ಹೇರಿ ನೋಡಿದೆ. ಅದು ಎಲ್ಲಿ ಬೇಕಾದರೂ ಹತ್ತುತ್ತದೆ, ಹಾಗಾಗಿ ಏನೂ ತಿಳಿಯಲಿಲ್ಲ.

ಎತ್ತಿನ ಆ ಓರೆಯನ್ನೇ ಹಿಡಿದು, ಮೊದಲ ಮಳೆ ಬಿದ್ದ ಮಾರನೇ ದಿನ ಹೊರಟೆ. ಗೊರಸು ಸವೆಸಿದ ನೆಲ ತಗ್ಗಾಗಿರುತ್ತದಲ್ವಾ, ಆ ತಗ್ಗಿನಲ್ಲಿ ಕೆಂಪು ನೀರು ಗುಡ್ಡಕ್ಕೆ ಅಡ್ಡವಾಗಿ ನಿಂತಿತ್ತು. ಹಳ್ಳದ ನೀರು ಹಾಗೆ ಅಡ್ಡ ನಿಲ್ಲಲ್ಲ. ಮೊಣಕಾಲವರೆಗೆ ಇಂಬಳ (ಜಿಗಣೆ) ಹತ್ತಿದ್ದವು, ಗಮನವೇ ಇರಲಿಲ್ಲ. ತಗ್ಗು ಎಂಟಡಿ ಅಗಲ, ಎದೆಮಟ್ಟ ಆಳ. ತಿರುವಿನಲ್ಲಿ ಹೊರೆಗಲ್ಲು, ದಾರಿಹೋಕರು ಹೊರೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ಕಲ್ಲು, ಇನ್ನೂ ನಿಂತೇ ಇದೆ. ಮೇಲಿನ ಅಡ್ಡಗಲ್ಲಿನ ಅಂಚು ಹೊರೆ ಜಾರಿಸಿ ಜಾರಿಸಿ ಬೆಣ್ಣೆಯಂತೆ ನುಣುಪಾಗಿತ್ತು. ತಲೆಹೊರೆಯವನು ಯಾರ ಕೈ ಆಸರೆಯೂ ಇಲ್ಲದೆ ಹೊರೆ ಇಳಿಸುವಷ್ಟೇ ಎತ್ತರ.

ಬಿಟ್ಟುಹೋದ ತುಂಡುಗಳನ್ನು ಒಂದು ಜಾತಿಯ ಮರ ನೋಡಿ ಜೋಡಿಸಿದೆ. ಯಾವ ಮರ ಅಂತ ಹೇಳಲ್ಲ. ಹೊರೆಗಲ್ಲಿನ ಜಾಗವನ್ನೂ ಬರೆಯಲ್ಲ, ಬರೆದರೆ ನಾಳೆಯೇ ಗುದ್ದಲಿ ಬರುತ್ತದೆ.

ಊರ ಹತ್ತಿರದ ತುಂಡಿನಲ್ಲಿ ದನಕ್ಕೆ ನೀರು ತುಂಬಿಡುವ ಒಂದು ಕಲ್ಲುಬಾನಿ ಸಿಕ್ಕಿತು, ದರಗು (ಒಣಗಿದ ಎಲೆ) ತುಂಬಿಕೊಂಡು. ಅರ್ಧ ದಿನ ಕೂತು ತೆಗೆದೆ. ಒಂದು ಕಡೆ ಮೂಲೆ ಸೀಳಿದೆ, ಆದರೂ ನೀರು ನಿಲ್ಲುತ್ತದೆ. ಮುಂದಿನ ವಾರ ಅದೇ ಎತ್ತನ್ನು ಹೊಡೆದುಕೊಂಡು ಹೋದೆ. ಹೇರು ಇಳಿಸುವ ಮೊದಲೇ ಬಾಯಿ ಹಾಕಿತು.