ಕೇಳದೇ ಬಂದ ಬ್ರಾಡ್‌ಬ್ಯಾಂಡ್, ಅಮ್ಮನ ಕನ್ನಡ ಸಹಿ

"ಮೂರೂವರೆ ಸಾವಿರ ತಾನೆ, ಬಿಸಾಕಿ ನೆಮ್ಮದಿಯಾಗಿರು ಮಾರಾಯ" ಅಂದವರೇ ಹೆಚ್ಚು. ನಾನು ಬಿಸಾಕಲಿಲ್ಲ. ಎಂಟು ತಿಂಗಳು ಹಿಡಿದರೂ, ಕೇಳದೇ ಬಂದ ಬ್ರಾಡ್‌ಬ್ಯಾಂಡ್‌ನ ಬಿಲ್ಲು ಸೊನ್ನೆಯಾಯಿತು, ಕೈಗೆ ಒಂದಿಷ್ಟು ದುಡ್ಡೂ ಬಂತು. ಆ ಜಂಬದಲ್ಲೇ ಬರೆಯುತ್ತಿದ್ದೇನೆ.

ಮೈಸೂರಿನ ಮನೆಯಲ್ಲಿ ಅಮ್ಮ ಒಬ್ಬರೇ. ಕುತ್ತಿಗೆಗೆ ಟ್ಯಾಗ್ ಹಾಕಿಕೊಂಡು ಬಂದ ಹುಡುಗ "ಏರಿಯಾ ಸರ್ವೆ ಅಮ್ಮಾ, ಒಂದು ಓಟಿಪಿ ಬರುತ್ತೆ ಹೇಳಿ" ಅಂದ. ಬಿಸಿಲಲ್ಲಿ ಬಂದಿದ್ದಾನಲ್ಲ ಅಂತ ಮಜ್ಜಿಗೆಯನ್ನೂ ಕೊಟ್ಟರು, ಓಟಿಪಿಯನ್ನೂ ಕೊಟ್ಟರು. ನಾಲ್ಕು ದಿನಕ್ಕೆ ರೂಟರ್ ಡಬ್ಬ, ತಿಂಗಳಿಗೆ ಬಿಲ್ಲು. ಹನ್ನೆರಡು ತಿಂಗಳ ಲಾಕ್-ಇನ್ ಅಂತೆ, ಅಂದರೆ ಅಲ್ಲಿಯವರೆಗೆ ಬಿಡುವಂತಿಲ್ಲ.

ನಾನು ಮಾಡಿದ ಮೊದಲ ತಪ್ಪು, ಕಂಪನಿಗೆ ಫೋನ್ ಮಾಡಿ "ಕ್ಯಾನ್ಸಲ್ ಮಾಡಿ" ಅಂದದ್ದು. ಅವರ ದಾಖಲೆಯಲ್ಲಿ 'ಗ್ರಾಹಕರು ಅವಧಿಗೆ ಮುನ್ನ ಸಂಪರ್ಕ ಕಡಿತ ಕೋರಿದ್ದಾರೆ' ಎಂದು ಕೂತುಬಿಟ್ಟಿತು. ಒಪ್ಪಂದ ಇತ್ತು ಅಂತ ನಾನೇ ಬಾಯಾರೆ ಒಪ್ಪಿಕೊಂಡ ಹಾಗಾಯಿತು! ಎರಡನೆಯದು ಇನ್ನೂ ದಡ್ಡತನ. ವಸೂಲಿಯವನು ಅಮ್ಮನಿಗೆ ದಿನಕ್ಕೆ ಐದಾರು ಸಲ ಫೋನ್ ಮಾಡಿ ಸಿಬಿಲ್ ಸ್ಕೋರ್ (ಸಾಲ ಕೊಡುವವರು ನೋಡುವ ಅಂಕ) ಹಾಳಾಗುತ್ತೆ ಅಂತ ಹೆದರಿಸುತ್ತಿದ್ದ. ಕಾಟ ತಪ್ಪಲಿ ಅಂತ ಒಂದು ತಿಂಗಳದ್ದು ಕಟ್ಟಿದೆ, 499ಕ್ಕೆ ಜಿಎಸ್‌ಟಿ ಸೇರಿ 589. ಜನ್ಮದಲ್ಲಿ ಸಾಲ ಮಾಡದ ಅಮ್ಮನಿಗೆ ಸಿಬಿಲ್ ಯಾಕೆ ಅಂತ ಆಮೇಲೆ ಹೊಳೆಯಿತು. ಅದೇ ರಸೀದಿಯನ್ನು "ಸೇವೆ ಒಪ್ಪಿ ಹಣ ಕಟ್ಟಿದ್ದಾರೆ" ಅಂತ ಎತ್ತಿ ತೋರಿಸಿದರು. ಟೆಲಿಕಾಂ ಕಂಪನಿಗಳ ನಿಯಂತ್ರಕ ಟ್ರಾಯ್‌ಗೆ ಬರೆದು ಮೂರು ವಾರ ಕಾದೆ. ಅದು ಒಬ್ಬೊಬ್ಬರ ದೂರು ತೀರ್ಮಾನಿಸುವುದಿಲ್ಲ. ನಿಮಗೆ ಗೊತ್ತಿರುತ್ತೆ, ನನಗೆ ಗೊತ್ತಿರಲಿಲ್ಲ.

ಆಮೇಲೆ ಕ್ಯಾನ್ಸಲ್ ಅನ್ನುವ ಪದವನ್ನೇ ಬಿಟ್ಟೆ. "ಒಪ್ಪಂದವೇ ಆಗಿಲ್ಲ. ಆಗಿದೆ ಅನ್ನುವುದಾದರೆ ಅರ್ಜಿ ಫಾರ್ಮ್, ಕೆವೈಸಿ, ಓಟಿಪಿ ಸಂದೇಶದ ಪೂರ್ತಿ ಪಠ್ಯ ಕೊಡಿ." ಪ್ರತಿ ಮೇಲ್‌ನಲ್ಲೂ ಇಷ್ಟೇ. ಮೂರು ಡಾಕೆಟ್ (ದೂರಿನ) ನಂಬರ್ ಸಿಕ್ಕಿತು, ಮೂರೂ 'ಕ್ಲೋಸ್ಡ್'. ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋದೆ. 39 ದಿನದೊಳಗೆ ತೀರ್ಮಾನಿಸಬೇಕು, ಸುಮಾರು ಮೂವತ್ತೈದನೇ ದಿನ ಒಂದೂವರೆ ಸಾಲಲ್ಲಿ ವಜಾ ಮಾಡಿದರು. ಆದರೆ ಅದಕ್ಕೆ ಫಾರ್ಮಿನ ಸ್ಕ್ಯಾನ್ ಅಂಟಿಸಿ ಕಳಿಸಿದ್ದರು ನೋಡಿ! ಅದರಲ್ಲಿ ಅಮ್ಮನ ಸಹಿ ಇಂಗ್ಲಿಷಿನಲ್ಲಿ, ಬಾಲ ಎಳೆದು, ಕೆಳಗೊಂದು ಗೆರೆ ಬೇರೆ. ನಮ್ಮಮ್ಮ ಸಹಿ ಹಾಕುವುದು ಕನ್ನಡದಲ್ಲಿ, ಅಕ್ಷರ ಅಕ್ಷರ ಕೂಡಿಸಿ. ಪ್ಯಾನ್ ಕಾರ್ಡಿನಲ್ಲೂ ಬ್ಯಾಂಕಿನಲ್ಲೂ ಅದೇ. ಬಳಕೆ ಸೊನ್ನೆ ಅಂತ ಅವರ ಆ್ಯಪೇ ತೋರಿಸುತ್ತಿತ್ತು. ಡಬ್ಬದ ಟೇಪನ್ನೇ ನಾವು ಕಿತ್ತಿರಲಿಲ್ಲವಲ್ಲ.

ಈ ನಡುವೆ ಸುಮ್ಮನೆ ಒಂದು ಪ್ರಯೋಗ ಮಾಡಿದೆ. ಕಸ್ಟಮರ್ ಕೇರ್‌ನಲ್ಲಿ 'ದೂರು' ಒತ್ತಿದರೆ ಇಪ್ಪತ್ತು ನಿಮಿಷ ಸಂಗೀತ, 'ಹೊಸ ಸಂಪರ್ಕ' ಒತ್ತಿದರೆ ಎರಡೇ ರಿಂಗಿಗೆ ಮನುಷ್ಯರು. ಹತ್ತು ಸಲ ನೋಡಿದೆ, ಒಂಬತ್ತು ಸಲ ಹೀಗೇ. ಕೆಲಸಕ್ಕೇನೂ ಬರಲಿಲ್ಲ ಅನ್ನಿ.

"ಟೆಲಿಕಾಂ ಕೇಸು ಗ್ರಾಹಕರ ಕೋರ್ಟಿಗೆ ಬರಲ್ಲ ಕಣ್ರೀ" ಎಂದು ಪಕ್ಕದ ಮನೆ ವಕೀಲರು ನಕ್ಕರು. ಅವರ ತಲೆಯಲ್ಲಿದ್ದದ್ದು 2009ರ ಸುಪ್ರೀಂ ಕೋರ್ಟ್ ತೀರ್ಪು. ಇಂಥ ತಕರಾರು ಮಧ್ಯಸ್ಥಿಕೆಗೆ ಹೋಗಬೇಕು ಅನ್ನುವ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಂ ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದು ಅದೇ ಕೋರ್ಟು 2022ರ ಫೆಬ್ರವರಿಯಲ್ಲಿ ಹೇಳಿದೆ. ಪ್ರಿಂಟ್ ತೆಗೆದು ಕಾಫಿ ಜತೆ ಕೊಟ್ಟು ಬಂದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗ ಕಂಪನಿ ಅರ್ಧ ಬಿಲ್ ಮನ್ನಾ ಅಂದಿತು. ಅರ್ಧ ಒಪ್ಪಿದರೆ ಪೂರ್ತಿ ಒಪ್ಪಿದಂತೆ, ಬೇಡ ಅಂದೆ. ಗ್ರಾಹಕ ಆಯೋಗಗಳ ಆನ್‌ಲೈನ್ ಪೋರ್ಟಲ್ ಇ-ಜಾಗೃತಿಯಲ್ಲಿ ಅಮ್ಮನ ಹೆಸರಲ್ಲಿ ದೂರು ಹಾಕಿದೆ. 5 ಲಕ್ಷದವರೆಗೆ ಶುಲ್ಕವಿಲ್ಲ, ಅಮ್ಮ ಇರುವ ಜಿಲ್ಲೆಯ ಆಯೋಗದಲ್ಲೇ ಹಾಕಬಹುದು. ನೋಟರಿ, ಝೆರಾಕ್ಸ್, ಸ್ಪೀಡ್ ಪೋಸ್ಟ್ ಸೇರಿ ಏಳುನೂರರ ಆಸುಪಾಸು ಖರ್ಚು, ಮೇಲೆ ನನ್ನ ಎರಡು ರಜೆ. ಎರಡು ಸಹಿಗಳನ್ನೂ ಒಂದೇ ಹಾಳೆಯಲ್ಲಿ ಮೇಲೆ ಕೆಳಗೆ ಇಟ್ಟೆ, ವಿವರಣೆ ಬರೆಯಲಿಲ್ಲ. ಅದರ ಪ್ರತಿಯನ್ನು ಕಂಪನಿಯಲ್ಲಿ ಯಾರಿಗೆ ಕಳಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಇನ್ನೊಂದು ಸಲ ಬೇಕಾಗಬಹುದು.

ನೋಟಿಸು ಮುಟ್ಟಿ ಹತ್ತು ಹನ್ನೆರಡು ದಿನಕ್ಕೆ ಅವರ ಲೀಗಲ್ ವಿಭಾಗದಿಂದಲೇ ಫೋನ್ ಬಂತು, ಬಹಳ ಮೆತ್ತಗಿನ ದನಿ. 589 ವಾಪಸ್, ಮೇಲೆ 5,000, ಬಾಕಿ ಇಲ್ಲವೆಂಬ ಪತ್ರ. ದುಡ್ಡು ಖಾತೆಗೆ ಬೀಳುವವರೆಗೆ ಕೇಸು ಹಿಂತೆಗೆಯಲಿಲ್ಲ.

ಡಬ್ಬ ಒಯ್ಯಲು ಬಂದವನಿಂದ ಸೀರಿಯಲ್ ನಂಬರ್ ಬರೆದ ರಸೀದಿಗೆ ಸಹಿ ಹಾಕಿಸಿಕೊಂಡೇ ಕೊಟ್ಟೆ. ಅಮ್ಮ ಅವನಿಗೂ ಮಜ್ಜಿಗೆ ಕೊಟ್ಟರು. ಮೊಬೈಲು ಮಾತ್ರ ಅಡುಗೆಮನೆಯಲ್ಲೇ ಬಿಟ್ಟು ಬಂದಿದ್ದರು.